ಬೆಳ್ಳಿ ಬಣ್ಣ ಬಳಿದ ವಾಲ್ವು

ಆ ವಾಲ್ವಿಗೆ ಬೆಳ್ಳಿ ಬಣ್ಣ ಬಳಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಿಕ್ಕವರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಬ್ರಷ್ಷು ಹಿಡಿದಿದ್ದ ಕೈ ನನ್ನದು ಎಂಬುದನ್ನು ಹೇಳದೆ ಆ ಸಿಟ್ಟನ್ನು ಬಾಯಿಗೆ ತರುವ ಹಕ್ಕು ನನಗಿಲ್ಲ.

ನಮ್ಮ ಶೆಡ್ಡು ಹಿರಿಯೂರಿನ ಹೊರಗೆ, ಹೆದ್ದಾರಿಯಿಂದ ಸ್ವಲ್ಪ ಒಳಗೆ ಇದೆ. ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳಿಗೆ ರೆಕ್ಕೆಯ ಹಿಂದೆ ಒಂದು ಪೆಟ್ಟಿಗೆ ಇರುತ್ತದಲ್ಲ, ಅದರ ಫೈಬರ್ ಮುಚ್ಚಳ ಮಾಡುವುದು ನಮ್ಮ ಕೆಲಸ. ರಸ್ತೆಯಿಂದ ನೋಡಿದರೆ ಅದು ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಶೆಡ್ಡಿನಲ್ಲಿ ನೋಡಿದರೆ ಒಂದು ಮಿನಿಬಸ್ಸಿನಷ್ಟಿರುತ್ತದೆ. ಅಚ್ಚಿನಲ್ಲಿ ಗಾಜಿನ ನೂಲಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಒಳಗಿನ ಗಾಳಿ ಎಳೆದು, ರೆಸಿನ್ ಬಿಡುತ್ತೇವೆ. ರೆಸಿನ್ ಎಂದರೆ ಅಂಟು. ನೋಡಲು ಜೋನಿಬೆಲ್ಲದ ಹಾಗೆ. ಬೆಳಗಿನ ತಣ್ಣಗಿನ ಹೊತ್ತಿನಲ್ಲಿ ಅದು ಗಟ್ಟಿಯಾಗಿ, ಬಟ್ಟೆಯೊಳಗೆ ಇಳಿಯದೆ ನಿಂತುಬಿಡುತ್ತದೆ. ಅದಕ್ಕೇ ಪಂಪಿಗೂ ಅಚ್ಚಿಗೂ ನಡುವೆ ಒಂದು ಹೀಟರ್ ಇದೆ.

ತೋಳಿನಷ್ಟು ಉದ್ದದ ಕಬ್ಬಿಣದ ಕೊಳವೆ. ಒಳಗೆ ಕಾಯುವ ಸರಳುಗಳು. ಒಂದು ತುದಿಯಿಂದ ತಣ್ಣನೆಯ ರೆಸಿನ್ ಒಳಗೆ ಹೋಗುತ್ತದೆ, ಸರಳುಗಳನ್ನು ಸವರಿಕೊಂಡು ಇನ್ನೊಂದು ತುದಿಯಿಂದ ಉಗುರುಬೆಚ್ಚಗೆ ಹೊರಗೆ ಬರುತ್ತದೆ. ಇಷ್ಟೇ. ಆದರೆ ಅದು ಹರಿಯುತ್ತಿರಬೇಕು. ಹರಿಯದೆ ನಿಂತ ರೆಸಿನ್ ಸರಳಿನ ಪಕ್ಕದಲ್ಲಿ ಕುದಿಯುತ್ತದೆ, ಉಬ್ಬುತ್ತದೆ, ಆಮೇಲೆ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಂಡು ಗಟ್ಟಿಯಾಗತೊಡಗುತ್ತದೆ. ಅಂಥದ್ದು ಆಗಬಾರದೆಂದು ಎರಡು ಕಾವಲುಗಳನ್ನು ಇಟ್ಟಿದ್ದಾರೆ. ಹರಿವು ನಿಂತರೆ ಕರೆಂಟು ಕಡಿಯುವ ಫ್ಲೋ ಸ್ವಿಚ್ಚು ಒಂದು. ಒಳಗೆ ಒತ್ತಡ ಏರಿದರೆ ತಾನಾಗಿ ತೆರೆದುಕೊಂಡು ರೆಸಿನ್ನನ್ನು ಡ್ರಮ್ಮಿಗೆ ಬಿಡುವ ಸೇಫ್ಟಿ ವಾಲ್ವು ಇನ್ನೊಂದು. ಬಿಸಿ ತೋರಿಸುವ ಮೀಟರೂ ಇದೆ, ಆದರೆ ಅದರ ಕಡ್ಡಿ ಇರುವುದು ಹೊರಗೆ ಬರುವ ತುದಿಯಲ್ಲಿ. ರೆಸಿನ್ ಅಲ್ಲಿಗೆ ಬಂದರೆ ತಾನೆ ಅದಕ್ಕೆ ಗೊತ್ತಾಗುವುದು? ಹರಿವು ನಿಂತಾಗ ಒಳಗೆ ಕುದಿಯುತ್ತಿದ್ದರೂ ಮೀಟರು ತಣ್ಣಗಿದೆ ಎಂದೇ ತೋರಿಸುತ್ತದೆ.

ಇದನ್ನೆಲ್ಲ ನನಗೆ ಕಲಿಸಿದವರು ಭಾಯಿ. ನಾವೆಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದೆವು. ಚಿತ್ರದುರ್ಗದ ಪೇಟೆಯವರು. ಅವರ ಮನೆತನದಲ್ಲಿ ತಲೆತಲಾಂತರದಿಂದ ಪಾತ್ರೆಗೆ ಕಲಾಯಿ ಹಾಕುವ ಕೆಲಸ. ಸ್ಟೀಲು ಬಂದ ಮೇಲೆ ಆ ಕೆಲಸ ನಿಂತು, ಇವರು ಕಾರ್ಖಾನೆ ಸೇರಿದರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಮಾಡದಕೆರೆ ಕಡೆಯ ಕುರಿ ಕಾಯುವವರ ಮನೆಯವನು ಎಂದು ತಿಳಿದ ದಿನದಿಂದ ನನ್ನ ಹೆಸರು ಅವರ ಬಾಯಲ್ಲಿ ಬರಲೇ ಇಲ್ಲ.

"ಲೇ ಕುರಿಗಾರ, ಇದು ಕುರಿ ಹಿಂಡಲ್ಲ, ದೂರ ನಿಂತು ಎಣಿಸಿ ಬರ್ಕಂಡ್ರೆ ಆಗಲ್ಲ. ಹತ್ರ ಬಾ. ಮೂಸಿ ನೋಡು."

"ಎಣಿಸೋದ್ರಲ್ಲಿ ಏನ್ ತಪ್ಪೈತೆ ಭಾಯಿ? ನಮ್ಮಪ್ಪ ಎಣಿಸದೆ ಯಾವತ್ತೂ ಹಟ್ಟಿ ಬಾಗ್ಲು ಹಾಕಿಲ್ಲ."

"ಎಣಿಸು, ಬ್ಯಾಡ ಅಂದೋರ್ಯಾರು? ಆದ್ರೆ ಕಲಾಯಿ ಹಾಕೋವಾಗ ಪಾತ್ರೆ ತಾನೇ ಹೇಳ್ತೈತೆ, ಸಾಕು ಉರಿ ತೆಗಿ ಅಂತ. ಈ ನನ್ಮಗಂದು ಹೇಳಲ್ಲ. ಒಳಗೊಳಗೇ ಕುದೀತೈತೆ, ನಿನ್ನ ಸೂಪ್ರವೈಜರ್ ಇದ್ದಂಗೆ."

ಮೊದಲು ಪಂಪು, ಆಮೇಲೆ ಹೀಟರು. ನಿಲ್ಲಿಸುವಾಗ ಮೊದಲು ಹೀಟರು, ರೆಸಿನ್ ತಣ್ಣಗಾಗುವವರೆಗೂ ಹರಿಸಿ ಆಮೇಲೆ ಪಂಪು. ಈ ಮಾತನ್ನು ಅವರು ದಿನಕ್ಕೊಮ್ಮೆ ಹೇಳುತ್ತಿದ್ದರು. ಶನಿವಾರ ಸಂಜೆ ಕೊಳವೆಯನ್ನು ಖಾಲಿ ಮಾಡಿ, ತೊಳೆದು, ತುದಿಯ ಮುಚ್ಚಳ ಬಿಚ್ಚಿ ಸರಳುಗಳನ್ನು ಎಳೆಯುತ್ತಿದ್ದೆವು. ಸರಳಿನ ಮೇಲೆ ಕಟ್ಟಿದ ಕಂದು ಹಕ್ಕಳೆಯನ್ನು ಹಿತ್ತಾಳೆಯ ಪಟ್ಟಿಯಿಂದ ಕೆರೆಯಬೇಕು. ಕಬ್ಬಿಣದಿಂದ ಕೆರೆದರೆ ಗೀರು ಬಿದ್ದು ಮುಂದಿನ ವಾರ ಅಲ್ಲೇ ಮತ್ತೆ ಕಟ್ಟುತ್ತದೆ. ಸೋಮವಾರ ಬೆಳಿಗ್ಗೆ ಸೇಫ್ಟಿ ವಾಲ್ವಿನ ಪುಟ್ಟ ಲಿವರನ್ನು ಬೆರಳಿನಿಂದ ಎತ್ತಿ ಬಿಡಬೇಕು. ಒಳಗಿನ ಸ್ಪ್ರಿಂಗು ಆಡಿ ಫುಸ್ ಎಂದು ಸದ್ದು ಬರಬೇಕು.

"ಏನಪ್ಪ, ಉಸಿರಾಡ್ತೈತಾ?" ಎಂದು ಭಾಯಿ ಆ ತುದಿಯಿಂದ ಕೂಗುತ್ತಿದ್ದರು.

"ಆಡ್ತೈತೆ ಭಾಯಿ."

"ಬರ್ಕ ಹಂಗಾದ್ರೆ."

ಲಾಗ್ ಬುಕ್ಕು ಬರೆಯುವುದು ನನ್ನ ಪಾಲಿನ ಕೆಲಸ.

ಆ ವರ್ಷ ಮಳೆಗಾಲದಲ್ಲಿ ಫ್ಲೋ ಸ್ವಿಚ್ಚು ಕೆಟ್ಟಿತು. ರೆಸಿನ್ ಹರಿಯುತ್ತಿದ್ದರೂ ಹರಿಯುತ್ತಿಲ್ಲ ಎಂದು ಕರೆಂಟು ಕಡಿಯುತ್ತಿತ್ತು. ಅರ್ಧ ಇಳಿದ ರೆಸಿನ್ ಅಚ್ಚಿನಲ್ಲೇ ಗಟ್ಟಿಯಾಗಿ ಒಂದು ಇಡೀ ಮುಚ್ಚಳ ಹಾಳಾಯಿತು. ಹೊಸ ಸ್ವಿಚ್ಚು ಬೇಕೆಂದು ನಾನು ಬುಕ್ಕಿನಲ್ಲಿ ಬರೆದೆ. ಸೂಪರ್‌ವೈಸರ್ ಸಹಿ ಹಾಕಿದರು, ಸ್ವಿಚ್ಚು ಬರಲಿಲ್ಲ. ಎರಡನೆಯ ಸಲ ಬರೆದೆ. ಸಹಿ ಹಾಕಿದರು. ಬರಲಿಲ್ಲ. "ಅದು ಬರೋತನಕ ಕೆಲ್ಸ ನಿಲ್ಸಕ್ಕಾಗುತ್ತೇನ್ರಿ? ಏನಾರ ಮಾಡ್ಕಳ್ರಿ" ಎಂದರು. ಏನಾದರೂ ಎಂದರೆ ಏನು ಎಂಬುದನ್ನು ಅವರ ಬಾಯಿಂದ ಹೇಳಲಿಲ್ಲ. ಭಾಯಿ ಒಂದು ತುಂಡು ವೈರಿನಿಂದ ಆ ಸ್ವಿಚ್ಚಿನ ಎರಡು ತುದಿಗಳನ್ನು ಸೇರಿಸಿದರು. ಒಂದು ಕಾವಲು ಹೋಯಿತು. ಅಂದಿನಿಂದ ಹೀಟರ್ ಉರಿಯುವಷ್ಟು ಹೊತ್ತೂ ಅವರು ಅದರ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಉಚ್ಚೆಗೆ ಹೋಗುವಾಗಲೂ ನನ್ನನ್ನು ನಿಲ್ಲಿಸಿ ಹೋಗುತ್ತಿದ್ದರು.

ಆಯುಧಪೂಜೆಯ ಹಿಂದಿನ ದಿನ ಇಡೀ ಶೆಡ್ಡಿಗೆ ಬಣ್ಣ. ಮಾಲೀಕರು ವರ್ಷಕ್ಕೊಮ್ಮೆ ಬರುವ ದಿನ ಅದು. ಬಣ್ಣಕ್ಕೆ ಹೊತ್ತು ಸಾಲದೆಂದು ಆ ವಾರ ಕೊಳವೆಯನ್ನು ತೊಳೆಯುವುದು ಬೇಡ ಎಂದರು. ಹಾಗಾಗಿ ಹೀಟರಿನಲ್ಲಿ ರೆಸಿನ್ ತುಂಬಿದ್ದ ಹಾಗೇ ಉಳಿಯಿತು. ಭಾಯಿ ಮಧ್ಯಾಹ್ನ ಹೂವು ತರಲು ಪೇಟೆಗೆ ಹೋದರು. ಯಂತ್ರಗಳಿಗೆ ಹೂವು ತರುವುದು ಪ್ರತಿ ವರ್ಷ ಅವರ ಕೆಲಸವೇ. ಒಳ್ಳೆ ಚೆಂಡುಹೂವು ಯಾರ ಹತ್ತಿರ ಸಿಗುತ್ತದೆ, ಯಾರು ಮಾರು ಹಾಕುವಾಗ ಕೈ ಮುದುಡುತ್ತಾರೆ ಎಲ್ಲ ಅವರಿಗೆ ಗೊತ್ತಿತ್ತು.

ನಾನು ಹೀಟರಿಗೆ ಬೆಳ್ಳಿ ಬಣ್ಣ ಬಳಿದೆ. ವಾಲ್ವಿಗೆ ಮಾತ್ರ ಹಳೆ ಪೇಪರ್ ಸುತ್ತಿದ್ದೆ. ಸೂಪರ್‌ವೈಸರ್ ಬಂದು ನೋಡಿದರು.

"ಇದೊಂದ್ಯಾಕ್ರಿ ಬೋಳಾಗಿ ಐತೆ?"

"ಸೇಫ್ಟಿ ವಾಲ್ವು ಸಾರ್. ಬಣ್ಣ ಹಚ್ಚಬಾರ್ದು."

"ನಾಳೆ ಮಾಲೀಕ್ರು ಮೊದ್ಲು ನಿಲ್ಲೋದೇ ಇದರ ಮುಂದೆ. ಕಿಲುಬು ಹಿಡಿದಿದ್ದು ಎದ್ದು ಕಾಣುತ್ತೆ. ಒಂದು ಕೈ ಎಳೀರಿ, ಏನೂ ಆಗಲ್ಲ."

ನಾನು ಪೇಪರ್ ಬಿಚ್ಚಿದೆ. ಬಳಿದೆ. ಒಂದು ಸಲ ಬಳಿದದ್ದು ಸಾಲದೆ ಹಿತ್ತಾಳೆಯ ಹಳದಿ ಇಣುಕುತ್ತಿತ್ತು, ಎರಡನೆಯ ಸಲವೂ ಬಳಿದೆ. ಲಿವರಿನ ಸಂದಿಯಲ್ಲಿ, ಸ್ಪ್ರಿಂಗಿನ ಮೇಲಿನ ಟೋಪಿಯ ಸುತ್ತ ಬಣ್ಣ ಹೊಕ್ಕಿದ್ದನ್ನು ನೋಡಿದೆ. ಒರೆಸಿಬಿಡಬೇಕು ಅನ್ನಿಸಿತು. ಅವರು ಇನ್ನೂ ಅಲ್ಲೇ ನಿಂತಿದ್ದರು. ಒರೆಸಲಿಲ್ಲ. ರಾತ್ರಿ ಕಳೆದು ಅದು ಕಲ್ಲಾಯಿತು.

ಪೂಜೆಯ ದಿನ ಬೆಳಿಗ್ಗೆ ಭಾಯಿ ತಾವೇ ತಂದ ಹಾರವನ್ನು ಹೀಟರಿಗೆ ಹಾಕಿದರು. ವಾಲ್ವು ಹೂವಿನ ಅಡಿಯಲ್ಲಿ ಮುಚ್ಚಿಹೋಯಿತು. ಮೀಟರಿನ ಗಾಜಿನ ಮೇಲೆ ಯಾರೋ ಕುಂಕುಮ ಇಟ್ಟರು. ಬುಕ್ಕಿಗೂ ಪೂಜೆಯೆಂದು ಲಾಗ್ ಬುಕ್ಕನ್ನು ನಾನು ಕೊನೆಯದಾಗಿ ಬರೆದಿದ್ದ ಪುಟ ತೆರೆದು ಹೀಟರಿನ ಮುಂದೆ ಸ್ಟೂಲಿನ ಮೇಲಿಟ್ಟೆ. ವಾಲ್ವಿನ ಮಾತನ್ನು ನಾನು ಭಾಯಿಗೆ ಹೇಳಬೇಕಿತ್ತು. ಪೂಜೆ ಮುಗಿದ ಮೇಲೆ ಹೇಳೋಣ, ನಾಳೆ ಇಬ್ಬರೂ ಕೆರೆದು ತೆಗೆಯೋಣ ಅಂದುಕೊಂಡೆ.

ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ. ಮಂಗಳಾರತಿ ಆದ ಮೇಲೆ ಮಾಲೀಕರು ಒಂದೊಂದು ಯಂತ್ರವನ್ನೂ ತಮ್ಮ ಕೈಯಿಂದ ಚಾಲೂ ಮಾಡಬೇಕು. ಚಾಲೂ ಆದದ್ದನ್ನು ಪ್ರಸಾದ ಹಂಚಿ ಮುಗಿಯುವವರೆಗೂ ಯಾರೂ ಆರಿಸಬಾರದು. ಬಟ್ಟೆ ಕತ್ತರಿಸುವ ಯಂತ್ರ, ಗ್ರೈಂಡರು ಸುಮ್ಮನೆ ಓಡಿದರೆ ಏನೂ ಆಗುವುದಿಲ್ಲ. ಮಾಲೀಕರು ಹೀಟರಿನ ಮುಂದೆ ಬಂದರು. ನಿಂಬೆಹಣ್ಣು ಇಟ್ಟು ಕೈಮುಗಿದರು. ಬೋರ್ಡಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡ ಸ್ವಿಚ್ಚನ್ನು ಬಲಗೈಯ ತೋರುಬೆರಳಿನಿಂದ ಒತ್ತಿದರು. ಅದು ಹೀಟರಿನ ಸ್ವಿಚ್ಚು. ಕೆಂಪು ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಪಂಪು ಓಡುವುದು ಗಾಳಿಯ ಬಲದಿಂದ. ಗಾಳಿಯ ಕಂಪ್ರೆಸರ್ರಿಗೂ ಹಾರ ಹಾಕಿದ್ದರು, ಅದರ ಸರದಿ ಎಲ್ಲಕ್ಕಿಂತ ಕೊನೆಗೆ. ಗಾಳಿಯಿಲ್ಲದೆ ಪಂಪು ನಿಂತೇ ಇತ್ತು.

ನಾನು ಮೂರು ಹೆಜ್ಜೆ ದೂರದಲ್ಲಿದ್ದೆ. ಭಾಯಿ ಹೇಳಿದ್ದು ಕೇಳಿಸಿತು: "ಸಾರ್, ಮೊದ್ಲು ಪಂಪು."

ಗಂಟೆಯ ಸದ್ದಿನಲ್ಲಿ ಮಾಲೀಕರಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಸೂಪರ್‌ವೈಸರಿಗೆ ಕೇಳಿಸಿತು. "ಪೂಜೆ ಟೈಮಲ್ಲಿ ಅಡ್ಡ ಬಾಯಿ ಹಾಕಬ್ಯಾಡ್ರಿ. ಐದು ನಿಮಿಷ. ವಾಲ್ವ್ ಐತಲ್ಲ, ಏನೂ ಆಗಲ್ಲ" ಎಂದು ಹಲ್ಲು ಕಚ್ಚಿ ಹೇಳಿದರು. ವಾಲ್ವು ಇದೆ ಎಂಬ ಮಾತು ಕೇಳಿ ಭಾಯಿ ಸುಮ್ಮನಾದರು. ನನ್ನ ಕಡೆ ನೋಡಿದರು. ಸೋಮವಾರ ಲಿವರ್ ಎತ್ತಿ ನೋಡಿದವನು ನಾನಲ್ಲವೆ? ನಾನು ಬಾಯಿ ಬಿಡಲಿಲ್ಲ. ಯಾಕೆ ಬಿಡಲಿಲ್ಲ ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಮಾಲೀಕರ ಬೆನ್ನು ಅಷ್ಟು ಹತ್ತಿರ ಇತ್ತು, ಅಷ್ಟೆ.

ಆಮೇಲೆ ಬೂದುಗುಂಬಳಕಾಯಿ ಒಡೆದರು. ಮಂಡಕ್ಕಿ, ಬೂಂದಿ ಹಂಚಿದರು. ಮಾಲೀಕರ ಜೊತೆ ಫೋಟೋ ಎಂದು ಎಲ್ಲರನ್ನೂ ಬಾಗಿಲ ಹತ್ತಿರ ಸಾಲು ನಿಲ್ಲಿಸಿದರು. ಭಾಯಿಯನ್ನು ಹೆಸರು ಹಿಡಿದು ಕರೆದು ಮುಂದಿನ ಸಾಲಿಗೆ ಎಳೆದರು. ಅವರು ಫೋಟೋಗೆ ಮುಖ ಕೊಡದೆ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದರು. ಎರಡನೆಯ ಫೋಟೋ ತೆಗೆಯುವ ಹೊತ್ತಿಗೆ ಅವರ ಮೂಗು ಅರಳಿತು. ಊದುಬತ್ತಿಯ ಹೊಗೆಯ ನಡುವೆ ನನಗೆ ಯಾವ ವಾಸನೆಯೂ ಹತ್ತಲಿಲ್ಲ. ಅವರಿಗೆ ಹತ್ತಿತು. ಸಾಲಿನಿಂದ ಹೊರಬಿದ್ದು ಓಡಿದರು.

ನಾನು ನೋಡಿದ್ದು ಇಷ್ಟು. ಅವರು ಬೋರ್ಡಿನ ಹತ್ತಿರ ಹೋದರು. ಬಲಗೈ ಚಾಚಿ ಸ್ವಿಚ್ಚು ಒತ್ತಿದರು, ಕೆಂಪು ದೀಪ ಆರಿತು. ಆ ಕೈ ಇನ್ನೂ ಅಲ್ಲೇ ಇರುವಾಗ ಹೀಟರಿನ ತುದಿಯ ಮುಚ್ಚಳದ ಸಂದಿಯಿಂದ ಗ್ಯಾಸ್ಕೆಟ್ ಪಟ್ಟಿ ಕಿತ್ತುಕೊಂಡು ರೆಸಿನ್ ಚಿಮ್ಮಿತು. ಕೈಯ ಮೇಲೆ, ಕತ್ತಿನ ಮೇಲೆ, ಸ್ಟೂಲಿನ ಮೇಲೆ. ಕುದಿಯುವ ಅಂಟು, ನೀರಿನ ಹಾಗೆ ಜಾರಿ ಹೋಗುವುದಿಲ್ಲ, ಹಿಡಿದುಕೊಳ್ಳುತ್ತದೆ. ಅವರು ಕೂಗಲಿಲ್ಲ. "ಹತ್ರ ಬರಬ್ಯಾಡ್ರಿ" ಎಂದರು. ಕಣ್ಣು ಉಳಿಯಿತು.

ದುರ್ಗದ ಆಸ್ಪತ್ರೆಗೆ ಹೋಗುವಾಗ ಕಾರಿನಲ್ಲಿ ಅವರು ನನ್ನನ್ನು ಕೇಳಿದ್ದು ಒಂದೇ. "ವಾಲ್ವ್ ಯಾಕಪ್ಪ ಉಸಿರು ಬಿಡ್ಲಿಲ್ಲ?" ನಾನು ಹೇಳಿದೆ. ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಐದನೆಯ ದಿನ ಸೂಪರ್‌ವೈಸರ್ ನನ್ನನ್ನು ಒಳಗೆ ಕರೆದು ಒಂದು ಟೈಪು ಮಾಡಿದ ಹಾಳೆ ಮುಂದಿಟ್ಟರು. ಕಾರ್ಖಾನೆ ಇಲಾಖೆಯ ಅಧಿಕಾರಿ ವಿಚಾರಣೆಗೆ ಬರುವವರಿದ್ದರು. ರಜೆಯ ದಿನ ಯಾರ ಅಪ್ಪಣೆಯೂ ಇಲ್ಲದೆ ಆಪರೇಟರ್ ತಾನೇ ಹೀಟರನ್ನು ಚಾಲೂ ಮಾಡಿದ, ಘಟನೆಯ ಹೊತ್ತಿನಲ್ಲಿ ಆತನ ಕೈ ಸ್ವಿಚ್ಚಿನ ಮೇಲೆ ಇದ್ದುದನ್ನು ನಾನು ಕಣ್ಣಾರೆ ಕಂಡೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ಆರ್ಸಕ್ಕೆ ಹೋಗಿದ್ದು ಸಾರ್ ಅವ್ರು. ಒತ್ತಿದ್ದು ಮಾಲೀಕ್ರು."

"ಕೈ ಸ್ವಿಚ್ ಮೇಲೆ ಇತ್ತೋ ಇಲ್ವೋ?"

"ಇತ್ತು."

"ಮತ್ತೆ? ಸುಳ್ಳೇನ್ ಬರ್ದಿದೀವಿ? ನೋಡ್ರಿ, ಅವ್ರಿಗೆ ಆಸ್ಪತ್ರೆ ಎಲ್ಲ ನಾವೇ ನೋಡ್ಕಂತೀವಿ. ಇದು ಬರೀ ಕಾಗದ. ಇನ್ನೊಂದು ವಿಷ್ಯ, ವಾಲ್ವಿಗೆ ಬಣ್ಣ ಹೊಡ್ದಿದ್ಯಾರು ಅಂತ ಇಲಾಖೆಯೋರು ಕೇಳಿದ್ರೆ ನಾನ್ ಏನ್ ಹೇಳ್ಲಿ?"

ಇದನ್ನು ಅವರು ನಗುತ್ತ ಕೇಳಿದರು. ಆ ನಗುವನ್ನು ನಾನು ಮರೆತಿಲ್ಲ. ಕಲಾಯಿಯವರ ಮನೆಯಲ್ಲಿ ಹುಟ್ಟಿ, ಮೂಗಿನಿಂದ ಉರಿಯನ್ನು ಅಳೆಯುತ್ತಿದ್ದ ಮನುಷ್ಯ ಪಂಪು ಓಡಿಸದೆ ಹೀಟರ್ ಹಚ್ಚಿದ ಎಂದು ಬರೆಯುತ್ತಾರೆ! ಭಾಯಿ ಆ ಯಂತ್ರದ ಮುಂದೆ ಮತ್ತೆ ನಿಲ್ಲದ ಹಾಗೆ, ಬೇರೆ ಯಾವ ಕಾರ್ಖಾನೆಯೂ ಅವರನ್ನು ಒಳಗೆ ಬಿಟ್ಟುಕೊಳ್ಳದ ಹಾಗೆ ಮಾಡುವ ಸಾಲು ಅದು. ನಾಳೆ ಹೇಳುತ್ತೇನೆ ಎಂದು ಹೊರಗೆ ಬಂದೆ.

ಬುಕ್ಕು ಎಲ್ಲಿ ಎಂದು ಹುಡುಕಿದೆ. ಹಾಳಾಯಿತು, ಎಸೆದೆವು ಎಂದರು. ಶೆಡ್ಡಿನ ಹಿಂದಿನ ಗುಜರಿ ಗುಡ್ಡೆಯಲ್ಲಿ ಸಿಕ್ಕಿತು. ರೆಸಿನ್ ನೆನೆದು ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಇಡೀ ಬುಕ್ಕು ಇಟ್ಟಿಗೆಯಾಗಿತ್ತು. ಆದರೆ ತೆರೆದಿಟ್ಟಿದ್ದ ಪುಟದ ಮೇಲೆ ರೆಸಿನ್ ತೆಳ್ಳಗೆ ಹರಡಿ ಗಟ್ಟಿಯಾಗಿ, ಚಹಾ ಬಣ್ಣದ ಗಾಜು ಕೂರಿಸಿದ ಹಾಗೆ ಆಗಿತ್ತು. ಅದರೊಳಗೆ ನನ್ನದೇ ಅಕ್ಷರ: ಫ್ಲೋ ಸ್ವಿಚ್ಚು ಇನ್ನೂ ಬಂದಿಲ್ಲ, ಮೂರನೆಯ ಸಲ ಕೇಳಿದೆ. ಪಕ್ಕದಲ್ಲಿ ಸೂಪರ್‌ವೈಸರ್ ಸಹಿ. ಉಗುರಿನಿಂದ ಕೆರೆದರೂ ಅಳಿಸುವಂತಿರಲಿಲ್ಲ.

ಆ ಸಂಜೆ ಕೂತು ನನ್ನ ಹೇಳಿಕೆಯನ್ನು ಕೈಯಲ್ಲಿ ಬರೆದೆ. ಒತ್ತಿದ ಬೆರಳು ಯಾರದು, ಬಳಿದ ಕೈ ಯಾರದು, ಬಳಿಯಲು ಹೇಳಿದವರು ಯಾರು, ನಾನು ಎಲ್ಲಿ ನಿಂತಿದ್ದೆ, ಎಷ್ಟು ಹೆಜ್ಜೆ ದೂರ. ಮಾರನೆಯ ದಿನ ರಜೆ ಹಾಕಿ ದುರ್ಗಕ್ಕೆ ಹೋದೆ. ಭಾಯಿಯನ್ನು ಮನೆಗೆ ಕಳಿಸಿದ್ದರು. ಬಲಗೈಗೆ ಮೊಣಕೈವರೆಗೂ ಬಟ್ಟೆ ಸುತ್ತಿತ್ತು.

"ಬಾರಪ್ಪ ಪೇಂಟರ್, ಕುಂತ್ಕ" ಎಂದರು. ಅಲ್ಲಿಯ ತನಕ ನಾನು ಕುರಿಗಾರನಾಗಿದ್ದೆ.

ನಾನು ಹೇಳಿಕೆಯನ್ನು ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಒಂದು ಬಿಟ್ಟೀಯ" ಎಂದರು.

"ಏನು?"

"ವೈರು. ಫ್ಲೋ ಸ್ವಿಚ್ಚಿಗೆ ವೈರು ಹಾಕ್ದೋನ್ಯಾರು?"

ನಾನು ಬೇಕೆಂದೇ ಬಿಟ್ಟಿದ್ದೆ. "ಅದೊಂದು ಸಿಕ್ರೆ ಸಾಕು ಭಾಯಿ ಅವ್ರಿಗೆ. ಮಿಕ್ಕಿದ್ದೆಲ್ಲ ಮೂಲೆಗೆ ಹಾಕಿ ಅದೊಂದನ್ನೇ ಹಿಡ್ಕಂತಾರೆ."

"ಹಿಡ್ಕಳ್ಳಿ. ನೀನು ಬಿಟ್ಟು ಬರೆದು, ಆಮೇಲೆ ಅವ್ರೇ ವೈರು ತೋರ್ಸಿದ್ರೆ? ನೀನು ಬರೆದಿದ್ದು ಅಷ್ಟೂ ಸುಳ್ಳಾಗ್ತೈತೆ. ಕುರಿ ಎಣಿಸೋ ಮಗ, ಒಂದು ಕಡಿಮೆ ಎಣಿಸಿ ಬಾಗ್ಲು ಹಾಕ್ತೀಯೇನ್ಲೇ?" ದನಿ ಏರಿತು. "ಹಾಕ್ದೋನು ನಾನು. ಹಾಕಿ ಅಂತ ಬಾಯಿ ಬಿಟ್ಟು ಯಾರೂ ಹೇಳ್ಲಿಲ್ಲ. ಅದನ್ನೂ ಹಂಗೇ ಬರಿ. ಮೂರು ಸಲ ಕೇಳಿದ್ದೂ ಬರಿ. ಕೂತ್ಕಂಡು ಇಲ್ಲೇ ಬರಿ, ನನ್ನ ಮುಂದೆ."

ನನಗೆ ಅವರ ಮೇಲೂ ಸಿಟ್ಟು ಬಂತು. ಆದರೂ ಬರೆದೆ. ಬರೆದದ್ದರ ಕೆಳಗೆ ಅವರು ಎಡಗೈಯಿಂದ ಸಹಿ ಹಾಕಿದರು. ಸಹಿ ಹಾಕಲು ಬಹಳ ಹೊತ್ತು ಹಿಡಿಯಿತು.

ವಿಚಾರಣೆಗೆ ಬಂದ ಅಧಿಕಾರಿ ನಡುವಯಸ್ಸಿನ ಹೆಂಗಸು. ಹೇಳಿಕೆಯನ್ನು ಎರಡು ಸಲ ಓದಿದರು. ನಾನು ಅಂದುಕೊಂಡ ಹಾಗೇ ಸೂಪರ್‌ವೈಸರ್ ವೈರಿನ ಸಾಲಿನ ಮೇಲೆ ಬೆರಳಿಟ್ಟು, "ನೋಡಿ ಮೇಡಂ, ಅವ್ರೇ ಒಪ್ಕಂಡವ್ರೆ" ಎಂದರು. ಆಕೆ ಆ ಬೆರಳು ಸರಿಯುವ ತನಕ ಕಾದರು. ಆಮೇಲೆ ನಾನು ಚೀಲದಿಂದ ತೆಗೆದಿಟ್ಟ ಇಟ್ಟಿಗೆಯಂಥ ಬುಕ್ಕನ್ನು ಬೆಳಕಿಗೆ ಹಿಡಿದು, "ಈ ಸಹಿ ನಿಮ್ಮದಾ?" ಎಂದು ಕೇಳಿದರು. ಸೂಪರ್‌ವೈಸರ್ ಉತ್ತರ ಹೇಳುವ ಮೊದಲೇ ಮಾಲೀಕರ ಕಡೆ ತಿರುಗಿ, "ಸ್ವಿಚ್ಚು ಒತ್ತಿದ್ದು ನೀವಾ?" ಎಂದರು.

"ಪೂಜೆ ಅಲ್ವಾ ಮೇಡಂ. ಶಾಸ್ತ್ರಕ್ಕೆ ಒತ್ತಿದ್ದು."

ಆಕೆ ಅದನ್ನು ಹಾಗೇ ಬರೆದುಕೊಂಡರು. ಸೂಪರ್‌ವೈಸರ್ ಟೈಪು ಮಾಡಿದ ಹಾಳೆಯನ್ನು ಮಡಚಿ ಮಡಚಿ ಜೇಬಿಗೆ ಹಾಕಿದ್ದನ್ನು ನಾನು ನೋಡಿದೆ.

ವೈರಿಗಾಗಿ ಭಾಯಿಗೂ ಬಣ್ಣಕ್ಕಾಗಿ ನನಗೂ ಎಚ್ಚರಿಕೆಯ ಪತ್ರ ಬಂತು. ಸೂಪರ್‌ವೈಸರಿಗೆ ಏನು ಬಂತೋ ನನಗೆ ತಿಳಿಯದು. ಈಗಲೂ ಅದೇ ಕುರ್ಚಿಯಲ್ಲಿದ್ದಾರೆ. ಮಾಲೀಕರು ಭಾಯಿಯನ್ನು ನೋಡಲು ಒಮ್ಮೆಯೂ ಹೋಗಲಿಲ್ಲ, ಹಣ್ಣಿನ ಬುಟ್ಟಿ ಕಳಿಸಿದರು. ಫ್ಲೋ ಸ್ವಿಚ್ಚು ಮೂರೇ ದಿನದಲ್ಲಿ ಬಂತು. ಮೂರು ದಿನ! ಅದರ ಡಬ್ಬಿ ನನ್ನ ಅಂಗೈಯಲ್ಲಿ ಹಿಡಿಯುವಷ್ಟಿತ್ತು.

ಭಾಯಿ ಮುಂದಿನ ಬೇಸಿಗೆಗೆ ಕೆಲಸಕ್ಕೆ ಬಂದರು, ಅದೇ ಹೀಟರಿಗೆ. ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಸರಳು ಕೆರೆಯುವುದು ನಾನು, ನಿಂತು ಬೈಯುವುದು ಅವರು. ನನ್ನನ್ನು ಈಗಲೂ ಪೇಂಟರ್ ಎಂದೇ ಕರೆಯುತ್ತಾರೆ.

ಆ ವರ್ಷದ ಆಯುಧಪೂಜೆಗೆ ಕೊಳವೆಯನ್ನು ಹಿಂದಿನ ದಿನವೇ ಖಾಲಿ ಮಾಡಿ ತೊಳೆದು, ಹೀಟರಿನ ಮೇನ್ ಸ್ವಿಚ್ಚಿಗೆ ಬೀಗ ಹಾಕಿದೆವು. ಬಣ್ಣ ಬಳಿಯಲಿಲ್ಲ. ಮಾಲೀಕರು ನಿಂಬೆಹಣ್ಣು ಇಟ್ಟು, ಬೆರಳು ಮುಂದೆ ಮಾಡಿದರು. ಭಾಯಿ ಬೋರ್ಡಿಗೂ ಅವರಿಗೂ ನಡುವೆ ಬಂದು ನಿಂತರು. ಬೀಗದ ಕೈ ಅವರ ಎಡಗೈಯಲ್ಲಿತ್ತು.

"ಇದಕ್ಕೆ ಹೂವು ಅಷ್ಟೇ ಸಾರ್. ಮುಂದಕ್ಕೆ ನಡೀರಿ."

ಗಂಟೆ ಬಾರಿಸುತ್ತಿದ್ದವನು ನಿಲ್ಲಿಸಿದ. ಸೂಪರ್‌ವೈಸರ್ ಬಾಯಿ ತೆರೆದರು. ಈ ಸಲ ನಾನೂ ಮೂರು ಹೆಜ್ಜೆ ಮುಂದೆ ಬಂದು ಭಾಯಿಯ ಪಕ್ಕದಲ್ಲಿ ನಿಂತಿದ್ದೆ. ಮಾಲೀಕರು ಭಾಯಿಯ ಬಲಗೈಯನ್ನು ನೋಡಿದರು, ಬೆರಳನ್ನು ಹಿಂದಕ್ಕೆ ತೆಗೆದುಕೊಂಡು ಗ್ರೈಂಡರಿನ ಕಡೆ ನಡೆದರು.